ಸ್ಕ್ಯಾನರ್ ತಗೊಂಡೋರಿಗೆ ಒಂದು ಸಲಹೆ

ತೀರ್ಥಹಳ್ಳಿ ಕಡೆ ಒಬ್ರು ರೇಡಿಯೋ ಸ್ಕ್ಯಾನರಲ್ಲಿ (ಬೇರೆ ಬೇರೆ ಫ್ರೀಕ್ವೆನ್ಸಿ ಹುಡುಕಿ ಕೇಳಿಸೋ ಸೆಟ್) ಪೊಲೀಸ್ ವೈರ್‌ಲೆಸ್ ಸಿಗತ್ತಾ ಅಂತ ಕೇಳಿದ್ರು. ದಯವಿಟ್ಟು ಅದಕ್ಕೆ ಕೈ ಹಾಕ್ಬೇಡಿ, ನಮ್ಮಲ್ಲಿ ಕಾನೂನು ಒಪ್ಪಲ್ಲ. ಅದರ ಬದ್ಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕೇಳಿ ನೋಡಿ, ನಿಜವಾಗ್ಲೂ ಮೈ ಜುಂ ಅನ್ನತ್ತೆ! ಸುಮಾರು 400 ಕಿ.ಮೀ. ಮೇಲಿಂದ ಗಗನಯಾತ್ರಿಗಳು ಶಾಲೆ ಮಕ್ಕಳ ಹತ್ರ ಹ್ಯಾಮ್ ರೇಡಿಯೋದಲ್ಲಿ (ಹವ್ಯಾಸಿಗಳ ರೇಡಿಯೋ) ಮಾತಾಡೋದು 145.800 ಮೆಗಾಹರ್ಟ್ಸ್ ಎಫ್ಎಂನಲ್ಲಿ, ಮಾತಿಲ್ದಾಗ ಎಷ್ಟೋ ಸಲ 145.825ರಲ್ಲಿ ಡೇಟಾ ಸಿಗ್ನಲ್ ಗರ್ ಗರ್ ಅಂತ ಬರ್ತಿರತ್ತೆ, ಮೊದ್ಲು ಅದನ್ನೇ ಹಿಡಿಯೋಕೆ ಟ್ರೈ ಮಾಡಿ.

ನಮ್ ಮಲೆನಾಡಲ್ಲಿ ತೊಂದ್ರೆ ಅಂದ್ರೆ ಗುಡ್ಡ. ಅಡಿಕೆ ತೋಟ ಇರೋದು ತಗ್ಗಲ್ಲಿ, ಅಲ್ಲಿ ನಿಂತ್ರೆ ನಿಲ್ದಾಣ ದಿಗಂತದ ಹತ್ರ ಇದ್ದಾಗ ಏನೂ ಕೇಳಲ್ಲ, ಅದಕ್ಕೇ ಮನೆ ಹಿಂದಿನ ದಿಬ್ಬಾನೋ ತಾರಸಿನೋ ಹತ್ತಿ, ನಿಲ್ದಾಣ ಎಲ್ಲಿದೆ ಅಂತ ತೋರಿಸೋ ಮೊಬೈಲ್ ಆ್ಯಪ್‌ನಲ್ಲಿ ಅದು ನೆತ್ತಿ ಮೇಲೆ ಹೋಗೋ ಟೈಮ್ ನೋಡ್ಕೊಳಿ, ಹೆಚ್ಚಂದ್ರೆ ಹತ್ತು ನಿಮಿಷ ಸಿಗತ್ತೆ ಅಷ್ಟೇ. ಸೆಟ್ ಜೊತೆ ಬರೋ ಗಿಡ್ಡ ಆಂಟೆನಾ ಬಿಡಿ, ಸುಮಾರು 50 ಸೆಂ.ಮೀ.ನ ಎರಡು ತಂತಿ ಅಗಲವಾಗಿ ವಿ ಥರ ಕಟ್ಟಿ, ಎಷ್ಟೋ ವಾಸಿ. ನಿಲ್ದಾಣ ಹತ್ರ ಬರುವಾಗ ಫ್ರೀಕ್ವೆನ್ಸಿ ಸುಮಾರು 3 ಕಿಲೋಹರ್ಟ್ಸ್ ಮೇಲೆ, ದೂರ ಹೋಗುವಾಗ ಅಷ್ಟೇ ಕೆಳಗೆ ಜಾರತ್ತೆ, ಟ್ಯೂನಿಂಗ್ ಸ್ವಲ್ಪ ತಿರುಗಿಸ್ತಾ ಇರಿ.

ಮಳೆಗಾಲದಲ್ಲಿ ಗುಡುಗಿದ್ರೆ ಮಾತ್ರ ತಕ್ಷಣ ಕೆಳಗಿಳೀರಿ.