ನಕಲಿ ಮಾಲು ಆನ್‌ಲೈನಿನಲ್ಲಿ ಕಂಡಾಗ: ದೂರಿಗೂ ಮೊದಲು ಮಾಡಬೇಕಾದ್ದು

ನಿಮ್ಮ ಬ್ರಾಂಡ್‌ನ ಹೆಸರು, ನೀವೇ ತೆಗೆಸಿದ ಫೋಟೊ, ಬೆಲೆ ಮಾತ್ರ ಅರ್ಧ. ಮಾರುತ್ತಿರುವವರು ಯಾರೆಂದು ನಿಮಗೆ ಗೊತ್ತೇ ಇಲ್ಲ. ಆನ್‌ಲೈನ್ ಮಾರುಕಟ್ಟೆಯಲ್ಲಿ ಇಂಥ ಪುಟ ಕಣ್ಣಿಗೆ ಬಿದ್ದ ತಕ್ಷಣ ಬೆರಳು ಹೋಗುವುದು ದೂರಿನ ಗುಂಡಿಯ ಕಡೆಗೆ. ಅದನ್ನು ಒತ್ತಲೇಬೇಕು, ಆದರೆ ಈಗಲೇ ಅಲ್ಲ. ದೂರು ತಲುಪಿದ ಕೆಲವೇ ಗಂಟೆಗಳಲ್ಲಿ ಆ ಪುಟ ಮಾಯವಾಗಬಹುದು. ಅದರ ಜೊತೆಗೇ ಮಾರಾಟಗಾರನ ಹೆಸರು, ಬೆಲೆ, ಕೊಂಡವರ ಅಭಿಪ್ರಾಯಗಳು, ಎಷ್ಟು ಮಾರಾಟವಾಗಿದೆ ಎಂಬ ಸುಳಿವು ಎಲ್ಲವೂ ಅಳಿಸಿಹೋಗುತ್ತವೆ. ಅದೇ ಆಸಾಮಿ ಬೇರೆ ಹೆಸರಿನಲ್ಲಿ ಮತ್ತೆ ಅಂಗಡಿ ತೆರೆದಾಗ ತೋರಿಸಲು ನಿಮ್ಮಲ್ಲಿ ಏನೂ ಉಳಿದಿರುವುದಿಲ್ಲ.

ಇದು ಸಣ್ಣ ದಂಧೆಯಲ್ಲ. ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಕಟ್ಟಿಕೊಂಡ ಸಂಸ್ಥೆಯಾದ ಒಇಸಿಡಿ ಮತ್ತು ಐರೋಪ್ಯ ಒಕ್ಕೂಟದ ಬೌದ್ಧಿಕ ಆಸ್ತಿ ಕಚೇರಿ 2025ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2021ರಲ್ಲಿ ದೇಶಗಳ ಗಡಿ ದಾಟಿದ ನಕಲಿ ಸರಕಿನ ಮೌಲ್ಯ 467 ಶತಕೋಟಿ ಡಾಲರ್. ಅಂದರೆ ಜಗತ್ತಿನ ಒಟ್ಟು ಆಮದಿನ ಶೇ 2.3. ಇಷ್ಟು ದೊಡ್ಡ ವ್ಯವಹಾರದಲ್ಲಿ ಒಂದು ಪುಟ ತೆಗೆಸಿದ್ದೇ ಗೆಲುವು ಎಂದುಕೊಂಡರೆ ದೂರು ಬರೆಯುತ್ತಲೇ ಇರಬೇಕಾಗುತ್ತದೆ.

ಹೆಜ್ಜೆ 1: ತಕರಾರು ಯಾವ ಬಗೆಯದು?

ಸಿಟ್ಟಿನಲ್ಲಿದ್ದಾಗ ಎಲ್ಲವೂ ನಕಲಿಯಾಗಿಯೇ ಕಾಣುತ್ತದೆ. ಕಾನೂನು ಅಷ್ಟು ಉದಾರಿಯಲ್ಲ. ಬೌದ್ಧಿಕ ಆಸ್ತಿ ಹಕ್ಕುಗಳ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದವು ‘ನಕಲಿ’ ಎನ್ನುವುದು ನೋಂದಾಯಿತ ಟ್ರೇಡ್‌ಮಾರ್ಕ್‌ಗೆ ತದ್ರೂಪವಾದ, ಅಥವಾ ಮುಖ್ಯ ಅಂಶಗಳಲ್ಲಿ ಅದರಿಂದ ಬೇರೆ ಎಂದು ಹೇಳಲಾಗದ ಚಿಹ್ನೆಯನ್ನು ಅನುಮತಿಯಿಲ್ಲದೆ ಹೊತ್ತ ಸರಕನ್ನು ಮಾತ್ರ. ಹೆಸರಿನಲ್ಲಿ ಒಂದಕ್ಷರ ತಿರುಚಿ, ಹೋಲುವ ಪೊಟ್ಟಣದಲ್ಲಿ ಮಾರುವವನ ಮೇಲೆ ಹೂಡಬೇಕಾದ ವಾದ ಬೇರೆ. ಗ್ರಾಹಕ ಗೊಂದಲಕ್ಕೆ ಒಳಗಾಗುತ್ತಾನೆ ಎಂದು ಅಲ್ಲಿ ತೋರಿಸಬೇಕು.

ಹೆಚ್ಚು ಜನ ಎಡವುವುದು ಮೂರನೆಯ ಬಗೆಯಲ್ಲಿ. ಮಾಲು ಅಸಲಿ, ನಿಮ್ಮ ಕಾರ್ಖಾನೆಯಿಂದಲೇ ಹೊರಟದ್ದು. ಆದರೆ ಬೇರೊಂದು ದೇಶದ ವಿತರಕರಿಂದ ಹಾದಿ ತಪ್ಪಿ ಇಲ್ಲಿಗೆ ಬಂದಿದೆ. ಐರೋಪ್ಯ ಆರ್ಥಿಕ ವಲಯದ ಹೊರಗೆ ಮೊದಲು ಮಾರಾಟವಾದ ಮಾಲನ್ನು ಒಪ್ಪಿಗೆಯಿಲ್ಲದೆ ಒಳತಂದು ಮಾರಿದರೆ ಬ್ರಾಂಡ್‌ನ ಒಡೆಯ ಅದನ್ನು ತಡೆಯಬಹುದು. ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠವಾದರೋ 2012ರ ಸ್ಯಾಮ್ಸಂಗ್ ಪ್ರಕರಣದಲ್ಲಿ, ಜಗತ್ತಿನ ಯಾವ ಮೂಲೆಯಲ್ಲಿ ಕಾನೂನುಬದ್ಧವಾಗಿ ಮಾರಾಟವಾದರೂ ಆ ಮಾಲಿನ ಮೇಲಿನ ಹಿಡಿತ ಅಲ್ಲಿಗೆ ಮುಗಿಯುತ್ತದೆ ಎಂಬ ನಿಲುವು ತಾಳಿತು. ಹೀಗಾಗಿ ಅಸಲಿ ಮಾಲನ್ನು ಅಗ್ಗಕ್ಕೆ ಮಾರುತ್ತಿರುವವನ ಮೇಲೆ ‘ನಕಲಿ’ ಎಂದು ದೂರು ಕೊಟ್ಟರೆ ನೀವೇ ಕಟಕಟೆಯಲ್ಲಿ ನಿಲ್ಲಬೇಕಾದೀತು. ಬಳಸಿದ ವಸ್ತುವನ್ನು ಮರುಮಾರಾಟ ಮಾಡುವವರ ವಿಷಯದಲ್ಲೂ ಇದೇ ಎಚ್ಚರ ಬೇಕು.

ನಿಮ್ಮ ಫೋಟೊಗಳನ್ನಷ್ಟೇ ಕದ್ದಿದ್ದರೆ ಅದು ಕೃತಿಸ್ವಾಮ್ಯದ ದೂರು. ಅದಕ್ಕೆ ಬೇರೆ ನಮೂನೆ ಇರುತ್ತದೆ.

ಹೆಜ್ಜೆ 2: ನಿಮ್ಮ ಕಾಗದಪತ್ರ ಸರಿಯಿದೆಯೇ?

ಟ್ರೇಡ್‌ಮಾರ್ಕ್ ಹಕ್ಕು ದೇಶದ ಗಡಿಗೆ ನಿಲ್ಲುತ್ತದೆ. ಒಂದು ದೇಶದ ನೋಂದಣಿ ತೋರಿಸಿ ಇನ್ನೊಂದು ದೇಶದ ತಾಣದಲ್ಲಿ ಪುಟ ತೆಗೆಸಲು ಹೋದರೆ ಸಾಮಾನ್ಯವಾಗಿ ಅರ್ಜಿ ವಾಪಸ್ ಬರುತ್ತದೆ. ವರ್ಗವನ್ನೂ ನೋಡಿ. ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸರಕು, ಸೇವೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ನೀಸ್ ವರ್ಗೀಕರಣದಲ್ಲಿ ಒಟ್ಟು 45 ವರ್ಗಗಳಿವೆ, ಅದರಲ್ಲಿ 34 ಸರಕಿಗೆ, 11 ಸೇವೆಗೆ. ಬಟ್ಟೆಯ ವರ್ಗದಲ್ಲಷ್ಟೇ ನೋಂದಣಿ ಮಾಡಿಸಿ ಕೈಗಡಿಯಾರದ ಮೇಲೆ ದೂರು ಕೊಟ್ಟರೆ ದಾರಿ ಕಷ್ಟ. ಹಲವು ದೇಶಗಳಲ್ಲಿ ಒಮ್ಮೆಲೇ ಅರ್ಜಿ ಹಾಕಲು ಮ್ಯಾಡ್ರಿಡ್ ವ್ಯವಸ್ಥೆ ಇದೆ. ಭಾರತ 2013ರಲ್ಲಿ ಅದಕ್ಕೆ ಸೇರಿತು. ಅಮೆಜಾನ್‌ನ ಬ್ರಾಂಡ್ ರಿಜಿಸ್ಟ್ರಿ, ಇಬೇಯ ವೆರೋ ಮುಂತಾದ, ಬ್ರಾಂಡ್ ಒಡೆಯರಿಗಾಗಿಯೇ ತಾಣಗಳು ನಡೆಸುವ ವ್ಯವಸ್ಥೆಗಳಲ್ಲಿ ಜಗಳ ಶುರುವಾಗುವ ಮೊದಲೇ ಹೆಸರು ದಾಖಲಿಸಿಡುವುದು ಜಾಣತನ.

ಹೆಜ್ಜೆ 3: ಪುಟವನ್ನು ಹಾಗೇ ಸೆರೆಹಿಡಿಯಿರಿ

ಉತ್ಪನ್ನದ ಚಿತ್ರವಷ್ಟೇ ಇರುವ ಸ್ಕ್ರೀನ್‌ಶಾಟ್ ಪ್ರಯೋಜನಕ್ಕೆ ಬಾರದು. ಪೂರ್ತಿ ವೆಬ್ ವಿಳಾಸ, ದಿನಾಂಕ ಮತ್ತು ಸಮಯ, ಲಿಸ್ಟಿಂಗ್‌ನ ಗುರುತು ಸಂಖ್ಯೆ, ಮಾರಾಟಗಾರನ ಪ್ರೊಫೈಲ್, ಅವನ ಬಳಿ ಇರುವ ಇತರ ಮಾಲು, ಇವೆಲ್ಲ ಬೇಕು. ‘ಎರಡೇ ದಿನಕ್ಕೆ ಬಣ್ಣ ಬಿಟ್ಟಿತು, ಅಸಲಿ ಅಲ್ಲ’ ಎಂದು ಕೊಂಡವರು ಬರೆದ ಅಭಿಪ್ರಾಯಗಳನ್ನು ಬಿಡಬೇಡಿ, ಗ್ರಾಹಕ ಮೋಸಹೋಗಿದ್ದಾನೆ ಎಂಬುದಕ್ಕೆ ಅದೇ ಪುರಾವೆ. ಮಾರುವವರು ಯಾರು, ಸಾಗಿಸುವವರು ಯಾರು ಎಂದು ಹೇಳುವ ಸಣ್ಣ ಅಕ್ಷರದ ಸಾಲನ್ನು ತಪ್ಪದೆ ಸೆರೆಹಿಡಿಯಿರಿ. ಮುಂದೆ ತಾಣದ ಮೇಲೆಯೇ ದಾವೆ ಹೂಡುವ ಸಂದರ್ಭ ಬಂದರೆ ಆ ಒಂದು ಸಾಲಿನ ಮೇಲೆ ಗಂಟೆಗಟ್ಟಲೆ ವಾದ ನಡೆಯುತ್ತದೆ.

ಕಡತವನ್ನು ತೆರೆದು ತಿದ್ದಬೇಡಿ, ಬಾಣದ ಗುರುತು ಹಾಕಬೇಡಿ. ಗುರುತು ಬೇಕಿದ್ದರೆ ಪ್ರತಿಯ ಮೇಲೆ ಹಾಕಿ. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಯ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರ ಕೊಡಬೇಕು. ಯಾವ ಸಾಧನದಲ್ಲಿ ಯಾರು ಸೆರೆಹಿಡಿದರು ಎಂದು ಅಂದೇ ಬರೆದಿಟ್ಟರೆ ಆಮೇಲೆ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಹೆಜ್ಜೆ 4: ಒಂದನ್ನು ಕೊಂಡು ನೋಡಿ

ಇಡೀ ಕೆಲಸದ ಜೀವಾಳ ಇದು. ಎಷ್ಟೋ ಜನ ಬಿಟ್ಟುಬಿಡುವುದೂ ಇದನ್ನೇ. ‘ಫೋಟೊ ನೋಡಿದರೇ ಗೊತ್ತಾಗುತ್ತದಲ್ಲ’ ಎನ್ನುತ್ತಾರೆ. ಗೊತ್ತಾಗುವುದಿಲ್ಲ. ಪುಟದಲ್ಲಿರುವುದು ನಿಮ್ಮದೇ ಫೋಟೊ, ಅಸಲಿ ಮಾಲಿನ ಫೋಟೊ. ನಕಲಿ ಇರುವುದು ಪೆಟ್ಟಿಗೆಯೊಳಗೆ.

ಕಂಪನಿಯ ಹೆಸರಿನ ಖಾತೆಯಿಂದ ಕೊಳ್ಳಬೇಡಿ. ನಿಮ್ಮ ಹೆಸರು ಕಂಡರೆ ಆರ್ಡರ್ ರದ್ದಾದೀತು, ಇಲ್ಲವೇ ಅಸಲಿ ಮಾಲೇ ಬಂದೀತು. ಸಾಮಾನ್ಯ ಗ್ರಾಹಕನ ಹಾಗೆ ಕೊಳ್ಳಿ. ಮಾರಾಟಗಾರನ ಜೊತೆ ಮಾತುಕತೆಯಾದರೆ ಅದನ್ನು ತಾಣದ ಸಂದೇಶದಲ್ಲೇ ಇರಿಸಿಕೊಳ್ಳಿ, ಸುಳ್ಳು ಹೇಳಿ ಪ್ರಚೋದಿಸಬೇಡಿ.

ಪಾರ್ಸೆಲ್ ಬಂದ ಮೇಲೆ ಕತ್ತರಿ ಹಾಕುವ ಮೊದಲು ಕ್ಯಾಮೆರಾ ಚಾಲೂ ಮಾಡಿ. ಪೆಟ್ಟಿಗೆಯ ಆರೂ ಮುಖ, ಸಾಗಣೆ ಚೀಟಿ, ಕಳುಹಿಸಿದವರ ವಿಳಾಸ, ಹಿಂತಿರುಗಿಸಬೇಕಾದ ವಿಳಾಸ ಎಲ್ಲವೂ ಕಾಣಲಿ. ಈ ಎರಡು ವಿಳಾಸಗಳು ಬೇರೆ ಬೇರೆಯಾಗಿದ್ದರೆ ಒಂದು ಗೋದಾಮಿನ ಜಾಡು ಸಿಕ್ಕಂತೆ. ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ತೆರೆದು ತೋರಿಸಿ. ಆಮೇಲೆ ಅಸಲಿ ಮಾಲನ್ನು ಪಕ್ಕದಲ್ಲಿಟ್ಟು ಹೋಲಿಸಿ: ಒಂದು ಅಂಗುಲಕ್ಕೆ ಎಷ್ಟು ಹೊಲಿಗೆ, ಲೇಬಲ್‌ನ ಅಕ್ಷರದ ದಪ್ಪ, ಬ್ಯಾಚ್ ಸಂಖ್ಯೆ ನಿಮ್ಮ ದಾಖಲೆಯಲ್ಲಿದೆಯೇ, ತಯಾರಿಕೆಯ ದಿನಾಂಕ ಮತ್ತು ಬಾರ್‌ಕೋಡ್ ತಾಳೆಯಾಗುತ್ತವೆಯೇ, ತೂಕ ಎಷ್ಟು. ‘ಗುಣಮಟ್ಟ ಕಳಪೆ’ ಎಂದು ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಈ ಬ್ಯಾಚ್ ಸಂಖ್ಯೆಯನ್ನು ನಮ್ಮ ಸಂಸ್ಥೆ ಎಂದೂ ನೀಡಿಲ್ಲ’ ಎಂಬ ಒಂದು ವಾಕ್ಯ ಸಾಕು. ಪರಿಶೀಲನೆ ಮುಗಿದ ಮೇಲೆ ಸಹಿ ಹಾಕಿದ ಚೀಟಿಯೊಂದಿಗೆ ಮೊಹರು ಮಾಡಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಡಿ.

ಕೊಂಡದ್ದು ಇನ್ನೊಂದು ಉಪಯೋಗಕ್ಕೂ ಬರುತ್ತದೆ. ಯಾವ ಊರಿನ ನ್ಯಾಯಾಲಯಕ್ಕೆ ಹೋಗಬಹುದು ಎಂಬ ಪ್ರಶ್ನೆಗೆ ಮಾಲು ಎಲ್ಲಿಗೆ ತಲುಪಿತು ಎಂಬುದು ಉತ್ತರದ ಒಂದು ಭಾಗ. ಅಮೆರಿಕದ ಎರಡನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಕ್ಲೋಯಿ ಎಂಬ ಫ್ಯಾಷನ್ ಬ್ರಾಂಡ್‌ನ 2010ರ ಪ್ರಕರಣದಲ್ಲಿ, ನ್ಯೂಯಾರ್ಕ್‌ಗೆ ಕಳುಹಿಸಿದ ಒಂದು ಕೈಚೀಲ ಮತ್ತು ಅದೇ ಮಾರಾಟಗಾರರು ಅಲ್ಲಿಗೆ ಕಳುಹಿಸಿದ್ದ ಇತರ ಮಾಲಿನ ಆಧಾರದಲ್ಲಿ ಅಲ್ಲಿ ದಾವೆ ನಡೆಸಬಹುದು ಎಂದಿತು. 2009ರ ಬ್ಯಾನಿಯನ್ ಟ್ರೀ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ದಾವೆಗೆಂದೇ ಮಾಡಿದ ಒಂದೇ ಒಂದು ‘ಬಲೆಯ ಖರೀದಿ’ ಸಾಲದೇ ಹೋಗಬಹುದು ಎಂದು ಎಚ್ಚರಿಸಿತ್ತು. ಖರ್ಚು ತಾಳುವುದಾದರೆ ಬೇರೆ ಬೇರೆ ದಿನ ಒಂದಕ್ಕಿಂತ ಹೆಚ್ಚು ಬಾರಿ ಕೊಳ್ಳಿ.

ಹೆಜ್ಜೆ 5: ಈಗ ದೂರು ಕೊಡಿ, ಒಂದೊಂದು ಪುಟವನ್ನೂ ಹೆಸರಿಸಿ

‘ನಿಮ್ಮ ತಾಣದ ತುಂಬ ನಮ್ಮ ನಕಲಿ ಮಾಲಿದೆ, ಎಲ್ಲ ತೆಗೆಯಿರಿ’ ಎಂದು ಬರೆಯುವುದು ವ್ಯರ್ಥ. ಇದನ್ನು ದುಬಾರಿ ಬೆಲೆ ತೆತ್ತು ಕಲಿತದ್ದು ಆಭರಣ ಕಂಪನಿ ಟಿಫನಿ. 2004ರಲ್ಲಿ ಅದು ಇಬೇ ಮೇಲೆ ದಾವೆ ಹೂಡಿತು. ತಾನೇ ಕೊಂಡು ಪರೀಕ್ಷಿಸಿದ ‘ಟಿಫನಿ’ ಬೆಳ್ಳಿ ಒಡವೆಗಳಲ್ಲಿ ಸುಮಾರು ಮುಕ್ಕಾಲು ಭಾಗ ನಕಲಿ ಎಂದು ತೋರಿಸಿತು. ಆದರೂ 2008ರಲ್ಲಿ ವಿಚಾರಣಾ ನ್ಯಾಯಾಲಯದಲ್ಲಿ ಸೋತಿತು, 2010ರಲ್ಲಿ ಮೇಲ್ಮನವಿಯಲ್ಲೂ ಟ್ರೇಡ್‌ಮಾರ್ಕ್ ವಾದ ನಿಲ್ಲಲಿಲ್ಲ. ತಾಣದಲ್ಲಿ ನಕಲಿ ಮಾಲು ಇದೆ ಎಂಬ ಸಾಮಾನ್ಯ ಅರಿವು ಸಾಲದು, ಇಂಥದ್ದೇ ಪುಟ ಎಂಬ ನಿರ್ದಿಷ್ಟ ಅರಿವು ಬೇಕು ಎಂಬುದು ತೀರ್ಪಿನ ತಿರುಳು. ತಿಳಿಸಿದ ಪುಟಗಳನ್ನು ಇಬೇ ಬೇಗ ತೆಗೆಯುತ್ತಿತ್ತು. ಹಾಗಾಗಿ ಆ ಅರಿವನ್ನು ತಾಣಕ್ಕೆ ಲಿಖಿತವಾಗಿ ತಲುಪಿಸುವುದೇ ನಿಮ್ಮ ದೂರಿನ ಕೆಲಸ. ನೋಂದಣಿ ಸಂಖ್ಯೆ, ಪುಟದ ವಿಳಾಸ, ಕೊಂಡ ಆರ್ಡರ್ ಸಂಖ್ಯೆ, ನಕಲಿ ಎನ್ನಲು ಕಾರಣ. ನಾಲ್ಕು ಸಾಲು ಸಾಕು. ತಾಣ ಕೊಡುವ ದೂರಿನ ಸಂಖ್ಯೆಯನ್ನು ಜೋಪಾನ ಮಾಡಿ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವಾ ಕಾಯ್ದೆ ಇಂಥ ಕರಾರುವಾಕ್ಕಾದ ಸೂಚನೆಗೆ ಕಾನೂನಿನ ತೂಕವನ್ನೇ ಕೊಟ್ಟಿದೆ.

ಹೆಜ್ಜೆ 6: ಎದುರಿನವರ ಉತ್ತರವನ್ನು ಓದಿ

ಮಾರಾಟಗಾರ ಸುಮ್ಮನಿದ್ದರೆ ಪುಟ ಹೋದಂತೆ. ಖರೀದಿ ಬಿಲ್ಲು ಹಿಡಿದು ಆಕ್ಷೇಪ ಸಲ್ಲಿಸಿದರೆ ಗಡುವು ನೋಡಿ. ಚೀನಾದಲ್ಲಿ 2019ರಿಂದ ಜಾರಿಯಲ್ಲಿರುವ ಇ-ವಾಣಿಜ್ಯ ಕಾಯ್ದೆಯ ಪ್ರಕಾರ, ಆಕ್ಷೇಪ ನಿಮಗೆ ತಲುಪಿದ 15 ದಿನಗಳೊಳಗೆ ದಾವೆ ಹೂಡಿದ ಅಥವಾ ಅಧಿಕಾರಿಗಳಿಗೆ ದೂರಿತ್ತ ಮಾಹಿತಿ ತಾಣಕ್ಕೆ ಬಾರದಿದ್ದರೆ ಪುಟ ಮತ್ತೆ ತೆರೆದುಕೊಳ್ಳುತ್ತದೆ. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟವರು ಇಮ್ಮಡಿ ನಷ್ಟ ಭರಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಭಾರತದ ಟ್ರೇಡ್‌ಮಾರ್ಕ್ ಕಾಯ್ದೆಯ 142ನೇ ಕಲಂ ಆಧಾರವಿಲ್ಲದ ಬೆದರಿಕೆಗೆ ಒಳಗಾದವರಿಗೆ ದಾವೆಯ ಹಕ್ಕು ಕೊಟ್ಟಿದೆ. ಪ್ರತಿಸ್ಪರ್ಧಿಯನ್ನು ಹಬ್ಬದ ಮಾರಾಟದ ಹೊತ್ತಿಗೆ ಮೂಲೆಗೆ ತಳ್ಳಲು ನಕಲಿ ಎಂಬ ದೂರನ್ನೇ ಅಸ್ತ್ರ ಮಾಡಿಕೊಳ್ಳುವವರೂ ಇದ್ದಾರೆ, ಈ ಕಲಮುಗಳು ಇರುವುದು ಅಂಥವರಿಗಾಗಿ.

ನೀವೇ ಹೀಗೆ ಆರೋಪಕ್ಕೊಳಗಾದ ಪ್ರಾಮಾಣಿಕ ಮಾರಾಟಗಾರರಾಗಿದ್ದರೆ ಪೂರೈಕೆದಾರರ ಬಿಲ್ಲುಗಳನ್ನು ಬ್ರಾಂಡ್‌ನ ಅಧಿಕೃತ ವಿತರಕರವರೆಗೆ ಒಂದರ ಹಿಂದೊಂದು ಜೋಡಿಸಿ ಕೊಡಿ. ಮಾಲು ತಾಣದ ಗೋದಾಮಿನಲ್ಲಿ ಇತರರ ಮಾಲಿನ ಜೊತೆ ಬೆರೆತಿತ್ತೇ ಎಂದೂ ಕೇಳಿ.

ಹೆಜ್ಜೆ 7: ನ್ಯಾಯಾಲಯಕ್ಕೆ ಹೋಗುವುದಾದರೆ ಯಾರ ಮೇಲೆ?

ಮೊದಲ ಗುರಿ ಮಾರಾಟಗಾರ. ಅವನ ನಿಜವಾದ ಹೆಸರು ಗೊತ್ತಿಲ್ಲದಿದ್ದರೂ ದಾವೆ ಹೂಡಬಹುದು. ಗುರುತು ತಿಳಿಯದ ಪ್ರತಿವಾದಿಗೆ ಅಮೆರಿಕದಲ್ಲಿ ‘ಜಾನ್ ಡೋ’ ಎಂದು ಹೆಸರಿಟ್ಟರೆ ಭಾರತದ ನ್ಯಾಯಾಲಯಗಳಲ್ಲಿ ಅವನು ‘ಅಶೋಕ್ ಕುಮಾರ್’. ಮಾರಾಟಗಾರನ ಬ್ಯಾಂಕ್ ಖಾತೆ ಮತ್ತು ತೆರಿಗೆ ಗುರುತಿನ ವಿವರ ತಾಣದ ಬಳಿ ಇರುತ್ತದೆ. ಅಮೆರಿಕದಲ್ಲಿ 2023ರ ಜೂನ್‌ನಿಂದ ಜಾರಿಗೆ ಬಂದ ಇನ್ಫಾರ್ಮ್ ಕನ್ಸ್ಯೂಮರ್ಸ್ ಕಾಯ್ದೆ ದೊಡ್ಡ ಪ್ರಮಾಣದ ಮಾರಾಟಗಾರರ ಈ ವಿವರಗಳನ್ನು ಸಂಗ್ರಹಿಸಿ ಪರಿಶೀಲಿಸುವಂತೆ ತಾಣಗಳಿಗೆ ಕಟ್ಟುಮಾಡಿದೆ. ಮೊದಲ ದಿನವೇ ಕೇಳಬೇಕಾದ್ದು ಮೂರು: ಮಾರಾಟಕ್ಕೆ ತಡೆಯಾಜ್ಞೆ, ತಾಣದಲ್ಲಿ ಇನ್ನೂ ಪಾವತಿಯಾಗದೆ ಉಳಿದ ಹಣಕ್ಕೆ ತಡೆ, ಮಾರಾಟಗಾರನ ಗುರುತು ಬಹಿರಂಗಪಡಿಸುವ ಆದೇಶ. ಎರಡನೆಯದನ್ನು ಬಿಟ್ಟರೆ ತೀರ್ಪು ಬರುವ ಹೊತ್ತಿಗೆ ಖಾತೆ ಬರಿದಾಗಿರುತ್ತದೆ.

ತಾಣದ ಮೇಲೆ ಹೊಣೆ ಹೊರಿಸುವುದು ಬೇರೆಯೇ ಕುಸ್ತಿ. ಐರೋಪ್ಯ ನ್ಯಾಯಾಲಯ 2011ರ ಲೊರಿಯಲ್–ಇಬೇ ತೀರ್ಪಿನಲ್ಲಿ, ಮಾರಾಟದ ಪುಟಗಳನ್ನು ಚೆಂದಗೊಳಿಸಿ ಪ್ರಚಾರ ಮಾಡುವಂಥ ಸಕ್ರಿಯ ಪಾತ್ರ ವಹಿಸಿದ ತಾಣ ಇತರರು ಮಾರುವ ಮಾಲಿಗೆ ತಾನು ಹೊಣೆಯಲ್ಲ ಎಂಬ ಮಧ್ಯವರ್ತಿಯ ರಕ್ಷಣೆ ಕಳೆದುಕೊಳ್ಳುತ್ತದೆ ಎಂದಿತು. ಸುಗಂಧದ್ರವ್ಯದ ಕಂಪನಿ ‘ಕೋಟಿ’ಯ 2020ರ ಪ್ರಕರಣದಲ್ಲಿ, ವಿಷಯ ತಿಳಿಯದೆ ಗೋದಾಮಿನಲ್ಲಿ ಮಾಲು ಇರಿಸಿಕೊಂಡದ್ದು ಮಾತ್ರಕ್ಕೆ ಅಮೆಜಾನ್ ಟ್ರೇಡ್‌ಮಾರ್ಕ್ ಬಳಸಿದಂತಾಗದು ಎಂದಿತು. 2022ರ ಡಿಸೆಂಬರ್‌ನಲ್ಲಿ ಲೂಬುಟಾನ್‌ನ ಕೆಂಪು ಅಟ್ಟೆಯ ಪಾದರಕ್ಷೆಗಳ ಪ್ರಕರಣದಲ್ಲಿ ಮಾತ್ರ, ತಾಣವೇ ಮಾರುತ್ತಿದೆ ಎಂಬ ಭಾವನೆ ಸಾಮಾನ್ಯ ಬಳಕೆದಾರನಿಗೆ ಬರುವಂತಿದ್ದರೆ ತಾಣವೇ ಹೊಣೆಯಾಗಬಹುದು ಎಂಬ ಬಾಗಿಲು ತೆರೆಯಿತು. ಸಣ್ಣ ಅಕ್ಷರದ ಸಾಲನ್ನು ಸೆರೆಹಿಡಿಯಿರಿ ಎಂದದ್ದು ಇದಕ್ಕೇ. ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ 2018ರಲ್ಲಿ ಸಕ್ರಿಯ ತಾಣಕ್ಕೆ ರಕ್ಷಣೆ ಇಲ್ಲ ಎಂಬ ಧಾಟಿಯಲ್ಲಿ ಬರೆದಿತ್ತು. ಆದರೆ ಮಧ್ಯವರ್ತಿಗಳಿಗೆ ರಕ್ಷಣೆ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಸಕ್ರಿಯ, ನಿಷ್ಕ್ರಿಯ ಎಂಬ ಭೇದ ಮಾಡುವುದೇ ಇಲ್ಲ ಎಂದು 2020ರ ಆಮ್ವೇ ಪ್ರಕರಣದಲ್ಲಿ ವಿಭಾಗೀಯ ಪೀಠ ಹೇಳಿತು. ನನ್ನ ಸಲಹೆ ಕೇಳುವುದಾದರೆ, ಸಣ್ಣ ಬ್ರಾಂಡ್‌ಗಳು ತಾಣವನ್ನು ಎದುರಾಳಿ ಮಾಡಿಕೊಳ್ಳುವ ಬದಲು ಆದೇಶ ಪಾಲಿಸಬೇಕಾದ ಕಕ್ಷಿಯಾಗಿ ಸೇರಿಸಿಕೊಳ್ಳುವುದು ಲೇಸು. ಮಾಹಿತಿ ಅಲ್ಲಿಂದಲೇ ಬರಬೇಕು.

ಹೆಜ್ಜೆ 8: ಮತ್ತೆ ತಲೆ ಎತ್ತಿದಾಗ

ನೀವು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುತ್ತಾರೆ. ಹೊಸ ಪುಟ ಕಂಡಾಗ ಹಳೆಯ ಕಡತ ತೆಗೆದು ಹಿಂತಿರುಗಿಸುವ ವಿಳಾಸ, ಫೋಟೊದ ಹಿನ್ನೆಲೆ, ವಿವರಣೆಯಲ್ಲಿನ ಅದೇ ಕಾಗುಣಿತದ ತಪ್ಪು, ಬ್ಯಾಚ್ ಸಂಖ್ಯೆ ತಾಳೆ ನೋಡಿ. ಎರಡು ಹೊಂದಿದರೂ ಹಳೆಯ ದೂರಿನ ಸಂಖ್ಯೆಯನ್ನು ಉಲ್ಲೇಖಿಸಿ, ಪುಟ ಮಾತ್ರವಲ್ಲ, ಖಾತೆಯನ್ನೇ ಮುಚ್ಚುವಂತೆ ಕೇಳಿ. ಮಾಲು ಹೊರದೇಶದಿಂದ ಬರುತ್ತಿದ್ದರೆ ಕಸ್ಟಮ್ಸ್ ಇಲಾಖೆಯಲ್ಲಿ ಟ್ರೇಡ್‌ಮಾರ್ಕ್ ದಾಖಲಿಸಿ; ಅಸಲಿ ಗುರುತಿಸುವ ಚಿತ್ರಗಳ ಜೊತೆಗೆ, ಅಧಿಕಾರಿಗಳು ಮಾಲು ತಡೆಹಿಡಿದಾಗ ಕೂಡಲೇ ಫೋನ್ ಎತ್ತುವ ಒಬ್ಬರ ಹೆಸರನ್ನೂ ಕೊಡಿ. ತಡೆಹಿಡಿದ ಮಾಲನ್ನು ಬಹುತೇಕ ದೇಶಗಳಲ್ಲಿ ಹತ್ತು ಕೆಲಸದ ದಿನಗಳ ಆಸುಪಾಸಿನಲ್ಲಿ ಕಾನೂನು ಕ್ರಮ ಶುರುವಾಗದಿದ್ದರೆ ಬಿಟ್ಟುಬಿಡುತ್ತಾರೆ.