ಉಳ್ಳಾಗಡ್ಡಿ ಸೂಪು, ಮಷೀನು ಮತ್ತು ನಮ್ಮ ಅತ್ತೆಯ ಮೂಗು

ಮಗ ಪುಣೆಯಲ್ಲಿ ಮನೆ ಖಾಲಿ ಮಾಡುವಾಗ ತನ್ನ ಅಡುಗೆ ಮಷೀನನ್ನು ಬಳ್ಳಾರಿಗೆ ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋದ. "ಅಮ್ಮಾ, ತಾನ ಹೆಚ್ಚತೈತಿ, ತಾನ ತಿರುವತೈತಿ, ತಾನ ಬೇಯಿಸತೈತಿ. ನೀ ಸುಮ್ನ ಕೂಡು" ಅಂದ. ನಾನು ಸುಮ್ನೆ ಕೂತಿದ್ದು ಮೊದಲ ದಿನ ಮಾತ್ರ.

ಮಷೀನು ಅಂದರೆ ಎರಡು ಲೀಟರಿನ ಸ್ಟೀಲ್ ಜಾರು. ತಳದಲ್ಲಿ ಬ್ಲೇಡು, ಅದರ ಕೆಳಗೆ ಹೀಟರು. ತೂಕ ಮಾಡುವ ತಕ್ಕಡಿಯೂ ಅದರಲ್ಲೇ ಇದೆ. ಮುಂದಿನ ಪರದೆಯಲ್ಲಿ ಅಡುಗೆಗಳ ಪಟ್ಟಿ ಬರುತ್ತೆ, ಒತ್ತಿದರೆ ಒಂದೊಂದೇ ಹೆಜ್ಜೆ ಹೇಳಿಕೊಡುತ್ತೆ. ಇಂಥ ಮಷೀನುಗಳಿಗೂ ಸೂಪಿಗೂ ಹಳೇ ನಂಟು. 1971ರಲ್ಲಿ ಜರ್ಮನಿಯ ವೋರ್ವೆರ್ಕ್ ಕಂಪನಿ ಮೊದಲ ಥರ್ಮೋಮಿಕ್ಸ್ ತಂದಾಗ, ರುಬ್ಬುವುದು ಬೇಯಿಸುವುದು ಎರಡೂ ಒಂದೇ ಪಾತ್ರೆಯಲ್ಲಿ ಆಗಲಿ ಅನ್ನುವ ಯೋಚನೆ ಹುಟ್ಟಿದ್ದು ಫ್ರಾನ್ಸಿನವರ ಗಟ್ಟಿ ಸೂಪಿನಿಂದ. ನಮ್ಮದು ಬೇರೆ ಕಂಪನಿಯದು, ಹೆಸರು ಬೇಡ.

ನಾನು ಮಾಡಲು ಹೊರಟಿದ್ದು ಫ್ರಾನ್ಸಿನವರ ಉಳ್ಳಾಗಡ್ಡಿ ಸೂಪು. ಅದೇ ಯಾಕೆ ಅಂದರೆ, ಯಜಮಾನರು ಎಪಿಎಂಸಿಯಿಂದ ಅರ್ಧ ಚೀಲ ಉಳ್ಳಾಗಡ್ಡಿ ತಂದಿದ್ದರು. ಅಗ್ಗ ಸಿಕ್ಕಿತಂತೆ. ಮುಂಗಾರಿನ ಬೆಳೆ. ಅದರಲ್ಲಿ ನೀರು ಜಾಸ್ತಿ, ಬೇಸಿಗೆ ಗಡ್ಡೆಯ ಹಾಗೆ ತಿಂಗಳುಗಟ್ಟಲೆ ಇಡೋಕಾಗಲ್ಲ. ಅಂದಹಾಗೆ ತಮಿಳುನಾಡಿನಲ್ಲಿ ದೊಡ್ಡ ಈರುಳ್ಳಿಗೆ 'ಬಳ್ಳಾರಿ ವೆಂಗಾಯಂ' ಅಂತಲೇ ಹೆಸರು. ಊರಿನ ಹೆಸರು ಹೊತ್ತ ಗಡ್ಡೆಯನ್ನು ಕೊಳೆಯಲು ಬಿಡೋದು ಹೇಗೆ?

ಮೊದಲ ದಿನ ಪರದೆ ಹೇಳಿದ ಹಾಗೇ ಮಾಡಿದೆ. ಸುಲಿದ ಗಡ್ಡೆಗಳನ್ನು ಅರ್ಧ ಮಾಡಿ ಜಾರಿಗೆ ಹಾಕು ಅಂತು, ಹಾಕಿದೆ. ಐದು ಸೆಕೆಂಡ್ ತಿರುಗಿತು. ಬೆಣ್ಣೆ ಹಾಕು, ಮುಚ್ಚಳ ಮುಚ್ಚು, 20 ನಿಮಿಷ. ಕೊನೆಗೆ ಟಿಂಗ್ ಅಂತು. ಮುಚ್ಚಳ ತೆಗೆದರೆ ಬೆಳ್ಳಗಿನ, ನೀರು ನೀರಾದ ಮುದ್ದೆ. ಅದಕ್ಕೇ ನೀರು ಹಾಕಿ ಕುದಿಸಿ ಬಟ್ಟಲಿಗೆ ಸುರಿದೆ.

ಅತ್ತೆಗೆ 82 ವರ್ಷ. ಕಣ್ಣು ಮಂಜು, ಮೂಗು ಮಾತ್ರ ಇನ್ನೂ ಹರೆಯದ್ದು. ಬಟ್ಟಲನ್ನು ಮುಖದ ಹತ್ತಿರ ಹಿಡಿದು, ಬಾಯಿಗಿಡದೆ ಕೆಳಗಿಟ್ಟರು. "ಇದು ಹುರಿದಿದ್ದಲ್ಲವ್ವಾ, ಕುದಿಸಿದ್ದು. ವಾಸನಿ ನೋಡಿದ್ರ ಗೊತ್ತಾಗಂಗಿಲ್ಲೇನು?"

ರಾತ್ರಿ ಯೋಚಿಸಿದರೆ ಅವರ ಮಾತು ಲೆಕ್ಕಕ್ಕೂ ಸರಿಯಾಗಿತ್ತು. ಉಳ್ಳಾಗಡ್ಡಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರೇ. ಆ ನೀರು ಇರೋತನಕ ಜಾರಿನೊಳಗಿನ ಬಿಸಿ 100 ಡಿಗ್ರಿ ದಾಟಲ್ಲ, ಪರದೆಯ ಮೇಲೆ 120 ಅಂತ ಇಟ್ಟರೂ ಅಷ್ಟೇ. ಕೆಂಪಾಗಿ ಸಿಹಿ ಘಮ ಬರೋದು ಅದಕ್ಕಿಂತ ಮೇಲಿನ ಬಿಸಿಗೆ. ಬಾಣಲೆಯಲ್ಲಾದರೆ ಆವಿ ತಾನಾಗೇ ಹಾರಿಹೋಗುತ್ತೆ. ಇಲ್ಲಿ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಸುರಿಯುತ್ತೆ.

ಎರಡನೇ ಸಲ ಅತಿಬುದ್ಧಿ ತೋರಿಸಿದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಕೆಂಪಾಗುತ್ತೆ ಅಂತ ಎಲ್ಲೋ ಓದಿದ್ದೆ. ಸುಳ್ಳೇನಲ್ಲ. ಆದರೆ ಓದಿದ್ದು ಬಿಳಿ, ಹಳದಿ ಗಡ್ಡೆಯವರ ಮಾತು, ನಮ್ಮದು ಕೆಂಪು ಗಡ್ಡೆ. ಹತ್ತು ನಿಮಿಷಕ್ಕೆ ಇಣುಕಿದರೆ ಜಾರಿನೊಳಗೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣ, ಕೆರೆಯ ಪಾಚಿ ಕಂಡಂಗೆ. ಕೆಂಪು ಉಳ್ಳಾಗಡ್ಡಿಯ ಬಣ್ಣಕ್ಕೆ ಹುಳಿ ತಾಗಿದರೆ ಗುಲಾಬಿಯಾಗುತ್ತೆ, ಸೋಡಾ ತಾಗಿದರೆ ಹಿಂಗೆ. ನಿಂಬೆಹಣ್ಣು ಹಿಂಡಿದೆ, ಬಣ್ಣ ಅರೆಬರೆ ತಿರುಗಿತು. ಅಷ್ಟರಲ್ಲಿ ಎಸಳೆಲ್ಲ ಕರಗಿ ಅಂಟು. ಜೋಳದ ಹಿಟ್ಟಿಗೆ ಕಲಸಿ ತಾಲಿಪಟ್ಟು ತಟ್ಟಿದೆ. ದೀಪ ಆರಿಸಿ ತಿಂದರೆ ಚೆನ್ನಾಗೇ ಇತ್ತು.

ಮೂರನೇ ಸಲ ಪರದೆಯ ಮಾತು ಬಿಟ್ಟೆ. ಉಳ್ಳಾಗಡ್ಡಿ ಈಳಿಗೆಯಲ್ಲೇ ಉದ್ದುದ್ದ ಹೆಚ್ಚಿದೆ, ತೂಕ 700 ಗ್ರಾಂ. ಬ್ಲೇಡಿಗೆ ಕೊಟ್ಟರೆ ಜಜ್ಜಿ ನೀರು ಬಿಡಿಸುತ್ತೆ. 30 ಗ್ರಾಂ ಬೆಣ್ಣೆ, ಒಂದು ಚಮಚ ಎಣ್ಣೆ, ಅರ್ಧ ಚಮಚ ಉಪ್ಪು. ಬ್ಲೇಡು ಹಿಮ್ಮುಖ ತಿರುಗುವ ಗುಂಡಿ ಒತ್ತಿದೆ, ಆಗ ಮೊಂಡು ಬದಿಯಿಂದ ತಳ್ಳುತ್ತೆ, ಕತ್ತರಿಸಲ್ಲ. ವೇಗ ಒಂದು, ಬಿಸಿ 120. ಮುಚ್ಚಳದ ನಡುವಿನ ತೂತಿಗೆ ಇರೋ ಬಿರಡೆಯನ್ನು ತೆಗೆದುಬಿಟ್ಟೆ. ಸಿಡಿಯದಿರಲಿ ಅಂತ ಮಷೀನಿನ ಜೊತೆ ಬಂದ ತೂತಿನ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿದೆ. ಇಷ್ಟೇ ಗುಟ್ಟು. ಆವಿ ದಬದಬ ಹೊರಟಿತು, ಕಿಟಕಿ ಗಾಜೆಲ್ಲ ಬೆವರಿತು.

ಅರ್ಧ ಗಂಟೆಗೆ ನೀರು ಹಿಂಗಿತು. ಸದ್ದು ಬದಲಾದದ್ದೇ ಗುರುತು. ಕೊತಕೊತ ಹೋಗಿ ಚುರುಚುರು ಶುರುವಾಯಿತು. ಸರಿಯಾಗಿ ಆಗಲೇ ಕರೆಂಟು ಹೋಗಬೇಕಾ! ಇಂಥ ಹೀಟರನ್ನು ನಮ್ಮ ಇನ್ವರ್ಟರ್ ಎತ್ತಲ್ಲ. ಕಾಲು ಗಂಟೆ ಕಾದೆವು. ಕರೆಂಟು ಬಂದ ಮೇಲೆ ಮಷೀನು ಎಲ್ಲಾ ಮರೆತು ಮೊದಲಿಂದ ಕೇಳಿತು. ಪಟ್ಟಿಗೆ ಹೋಗದೆ ಕೈಯಾರೆ ಬಿಸಿ, ವೇಗ ಇಟ್ಟು ಇನ್ನೂ 20 ನಿಮಿಷ ಬಿಟ್ಟೆ. ತಳ ಹಿಡಿಯುವಾಗ ಎರಡು ಚಮಚ ಹುಣಸೆ ನೀರು ಹಾಕಿದೆ. ಫ್ರಾನ್ಸಿನವರು ಅಲ್ಲಿ ವೈನ್ ಹಾಕುತ್ತಾರೆ. ಕೆಲಸ ಎರಡೂ ಒಂದೇ, ತಳದ ಕಂದು ಬಿಡಿಸೋದು, ಸಿಹಿಗೆ ಒಂಚೂರು ಹುಳಿ ಕೊಡೋದು. ತೂಕ ನೋಡಿದರೆ 700 ಗ್ರಾಂ ಹೋಗಿ 210 ಗ್ರಾಂ ಉಳಿದಿತ್ತು. ಬಣ್ಣ ಜೋನಿಬೆಲ್ಲದ್ದು.

ಅಲ್ಲಿಗೆ ಒಂದು ಚಮಚ ಮೈದಾ, ಎರಡು ನಿಮಿಷ. ಆಮೇಲೆ ಮುಕ್ಕಾಲು ಲೀಟರ್ ತೊಗರಿಬೇಳೆ ಕಟ್ಟು, ತಿಳಿ ಮಾತ್ರ. ಅಲ್ಲಿಯವರದು ಮೂಳೆ ಬೇಯಿಸಿದ ನೀರು, ನಮ್ಮ ಮನೆಯಲ್ಲಿ ಅದು ನಡೆಯಲ್ಲ. ಬರೀ ನೀರು ಹಾಕಿದರೆ ಸಪ್ಪೆ, ಕಟ್ಟು ಹಾಕಿದರೆ ಸೂಪಿಗೆ ಮೈ ಬರುತ್ತೆ. ಮೆಣಸಿನ ಪುಡಿ, ಹದಿನೈದು ನಿಮಿಷ ಕುದಿ. ಅಲ್ಲಿಯವರು ಈ ಸೂಪಿಗೆ ಬ್ರೆಡ್ ಮೇಲೆ ಕರಗಿಸಿ ಹಾಕುವ ಗ್ರುಯೇರ್ ಚೀಸ್ ನಮ್ಮ ಅಂಗಡಿಯಲ್ಲಿ ಕೇಳಿ ನಗೆಪಾಟಲಾದೆ. ಪಾವ್ ಮೇಲೆ ಮೊಝರೆಲ್ಲಾ ತುರಿದು ಹಂಚಿನ ಮೇಲೆ ಮುಚ್ಚಿಟ್ಟು ಕರಗಿಸಿದೆ.

ತೊಳೆಯುವ ವಿಷಯ ಹೇಳಲೇಬೇಕು. ಜಾರಿಗೆ ನೀರು, ಒಂದು ಹನಿ ಸೋಪು ಹಾಕಿ ಬಿಸಿ ಮಾಡಿ ತಿರುಗಿಸಿದರೆ ಫಳಫಳ. ಮುಚ್ಚಳದ ರಬ್ಬರ್ ಬಳೆ ಮಾತ್ರ ವಾಸನೆ ಬಿಡಲ್ಲ. ಇದು ತಿಳಿಯದೆ ಮರುದಿನ, ಕಾರ್ತಿಕ ಸೋಮವಾರ, ಅದೇ ಜಾರಿನಲ್ಲಿ ನೈವೇದ್ಯಕ್ಕೆ ಹೆಸರುಬೇಳೆ ಪಾಯಸ ಇಟ್ಟಿದ್ದೆ. ದೇವರ ಮನೆಗೆ ಒಯ್ಯುವ ಮೊದಲೇ ಅತ್ತೆಯ ಮೂಗು ಹಿಡಿದುಹಾಕಿತು. ಪಾಯಸ ಮತ್ತೆ ಒಲೆಯ ಮೇಲೆ ಹೊಸದಾಗಿ ಮಾಡಿದ್ದಾಯಿತು. ಈಗ ಬಳೆ ಬಿಚ್ಚಿ ಬಿಸಿಲಿಗಿಡುತ್ತೇನೆ. ಬಳ್ಳಾರಿಯಲ್ಲಿ ಬಿಸಿಲಿಗೇನು ಬರವೇ?

ಸೂಪಿನ ರಾತ್ರಿ ಅತ್ತೆ ಪಾವನ್ನು ಪಕ್ಕಕ್ಕೆ ಸರಿಸಿದರು. ಡಬ್ಬಿಯಿಂದ ಖಡಕ್ ರೊಟ್ಟಿ ತೆಗೆದು, ಅಂಗೈಯಲ್ಲಿ ಮುರಿದು ಬಟ್ಟಲಿಗೆ ಹಾಕಿಕೊಂಡರು. ಪಾವು ಎರಡೇ ನಿಮಿಷಕ್ಕೆ ಕರಗಿ ಮುದ್ದೆಯಾಗಿತ್ತು. ರೊಟ್ಟಿ ಕೊನೇ ಚಮಚದವರೆಗೂ ಕಟುಕಟು ಅಂತಿತ್ತು. "ಇನ್ನೊಂದೀಟು ಹಾಕವ್ವಾ" ಅಂತ ಬಟ್ಟಲು ಮುಂದೆ ಚಾಚಿದರು.