ಮಣಿಸರಕ್ಕೆ ತಂತಿ ತಿರುಚುವವರಿಗೆ

ಮನೆಯಲ್ಲೇ ಓಲೆ, ಮಣಿಸರ ಮಾಡುವ ಹುಡುಗಿಯರು ಈಗ ಜಾಸ್ತಿ. ಮಣಿ ಆರಿಸೋಕೆ ಅರ್ಧ ದಿನ ಕಳೆಯುತ್ತಾರೆ, ತಂತಿ ಮಾತ್ರ ಅಂಗಡಿಯವರು ಕೊಟ್ಟಿದ್ದನ್ನೇ ತಂದುಬಿಡುತ್ತಾರೆ. ಸರ ಕಿತ್ತು ಬರುವುದು ತಂತಿ ಕೈಕೊಟ್ಟಾಗಲೇ ಅಲ್ವಾ?

ತಂತಿಯ ದಪ್ಪವನ್ನು ಗೇಜ್ ಅನ್ನುವ ನಂಬರಿನಲ್ಲಿ ಹೇಳುತ್ತಾರೆ, ನಂಬರ್ ಹೆಚ್ಚಾದಷ್ಟೂ ತಂತಿ ಸಣ್ಣ. ಆದರೆ ಇದರಲ್ಲೂ ಎರಡು ಲೆಕ್ಕ ಇದೆ. ಅಮೆರಿಕದ 20 ಗೇಜ್ ಅಂದರೆ ಸುಮಾರು 0.8 ಮಿ.ಮೀ., ಬ್ರಿಟಿಷರ 20 ಗೇಜ್ 0.9 ದಾಟುತ್ತದೆ. ಹಾಗಾಗಿ ಅಂಗಡಿಯಲ್ಲಿ ಮಿ.ಮೀ. ಲೆಕ್ಕದಲ್ಲೇ ಕೇಳಿ. ಕಿವಿಯ ಕೊಂಡಿಗೆ 0.8, ಮಣಿಯ ಮೇಲೆ ಕುಣಿಕೆ ಹಾಕಲು 0.6 ಸಾಕು. ಮುತ್ತಿನ ತೂತು ತೀರಾ ಚಿಕ್ಕದು, ಅದಕ್ಕೆ 0.4 ನೋಡಿ. ಕೈ ಪಳಗುವ ತನಕ ಬೆಳ್ಳಿ ಬೇಡ, ತಾಮ್ರವೇ ಸರಿ.

ತಂತಿಯನ್ನು ಬಗ್ಗಿಸಿದಷ್ಟೂ ಅದು ಗಡುಸಾಗುತ್ತದೆ. ಒಂದೇ ಜಾಗದಲ್ಲಿ ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿದರೆ ಕಟ್ ಅಂತ ಮುರಿಯುತ್ತದೆ. ಕುಣಿಕೆ ಸೊಟ್ಟ ಬಂದರೆ ತಿದ್ದುತ್ತಾ ಕೂರಬೇಡಿ, ಅಷ್ಟನ್ನು ಕತ್ತರಿಸಿ ಹೊಸ ತುಂಡು ತೆಗೆದುಕೊಳ್ಳಿ. ದಪ್ಪ ತಾಮ್ರದ ತಂತಿ ಗಡುಸಾದರೆ ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವಷ್ಟು ಕಾಯಿಸಿ ನೀರಿಗೆ ಅದ್ದಿ, ಮತ್ತೆ ಮೆತ್ತಗಾಗುತ್ತದೆ. ಮೋಟಾರ್ ವೈಂಡಿಂಗ್ ತಂತಿಗೆ ಮಾತ್ರ ಹಾಗೆ ಮಾಡಬೇಡಿ, ಅದರ ಮೇಲಿನ ಲೇಪ ಸುಟ್ಟು ಹೊಗೆ ಬರುತ್ತದೆ.

ಈಗ ಕುಣಿಕೆ. ಮಣಿ ಪೋಣಿಸಿ, ಅದರ ಮೇಲೆ ಎರಡು ಮೂರು ಮಿ.ಮೀ. ಬಿಟ್ಟು ತಂತಿಯನ್ನು ಅಡ್ಡ ಬಗ್ಗಿಸಿ. ಆ ಜಾಗ ಬಿಡದಿದ್ದರೆ ಸುತ್ತು ಹಾಕೋಕೆ ಎಡೆಯೇ ಇರುವುದಿಲ್ಲ, ಬಲವಂತ ಮಾಡಿದರೆ ಗಾಜಿನ ಮಣಿ ಒಡೆಯುತ್ತದೆ. ಆಮೇಲೆ ಗುಂಡು ಮೂತಿಯ ಇಕ್ಕಳದಲ್ಲಿ ಕುಣಿಕೆ ತಿರುಗಿಸಿ, ಅದನ್ನು ಚಪ್ಪಟೆ ಇಕ್ಕಳದಲ್ಲಿ ಹಿಡಿದು, ಉಳಿದ ತಂತಿಯನ್ನು ಬೆರಳಿನಿಂದಲೇ ಮಣಿಯ ಕಡೆಗೆ ಎರಡು ಮೂರು ಸುತ್ತು ಸುತ್ತಿ. ಸರಕ್ಕೆ ಜೋಡಿಸುವುದಿದ್ದರೆ ಈ ಸುತ್ತು ಹಾಕುವ ಮೊದಲೇ ಜೋಡಿಸಿಬಿಡಿ, ಆಮೇಲೆ ಆಗಲ್ಲ. ತುದಿ ಕತ್ತರಿಸುವಾಗ ಬೆರಳು ಅಡ್ಡ ಇಡಿ, ಚೂರು ಸಿಡಿದು ಕಣ್ಣಿಗೆ ಬಿದ್ದೀತು. ಉಳಿದ ಮೊನೆಯನ್ನು ಒತ್ತಿ ಒಳಗೆ ಸೇರಿಸಿ, ಉಗುರು ಉಜ್ಜುವ ಪಟ್ಟಿಯಲ್ಲಿ ಉಜ್ಜಿ. ರೇಷ್ಮೆ ಸೀರೆಯ ದಾರ ಎಳೆಯುವುದು ಈ ಮೊನೆಯೇ! ಇಕ್ಕಳಕ್ಕೆ ಒಳಗೆ ಹಲ್ಲಿದ್ದರೆ ಟೇಪ್ ಸುತ್ತಿಕೊಳ್ಳಿ, ತಂತಿಗೆ ಗೀರು ಬೀಳುವುದಿಲ್ಲ.

ಬಳೆಗೆ ಹುರಿ ತಂತಿ ಬೇಕಾದರೆ ಉದ್ದ ತಂತಿಯನ್ನು ಮಡಿಸಿ, ಮಡಿಕೆಯನ್ನು ಗಟ್ಟಿ ಮೊಳೆಗೆ ಸಿಕ್ಕಿಸಿ, ಎರಡು ತುದಿಗಳನ್ನು ಕೈಯಿಂದ ತಿರುಗಿಸುವ ಡ್ರಿಲ್‌ಗೆ ಬಿಗಿದು ನಿಧಾನ ತಿರುಗಿಸಿ. ತಂತಿ ಸಡಿಲಬಾರದು. ಸಡಿಲಿದರೆ ಹುರಿ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ತೆಳ್ಳಗೆ ಬರುತ್ತದೆ. ತಿರುಚಿದಷ್ಟೂ ಉದ್ದ ಕಡಿಮೆಯಾಗುವುದರಿಂದ ಧಾರಾಳವಾಗಿಯೇ ತೆಗೆದುಕೊಳ್ಳಿ.

ಸಣ್ಣ ಬಳೆಗಳಂಥ ಜೋಡಣೆ ಉಂಗುರ ಬಿಡಿಸುವಾಗ ಅಗಲಕ್ಕೆ ಎಳೆಯಬೇಡಿ, ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ. ಮುಚ್ಚುವಾಗಲೂ ಹಾಗೇ. ಇಲ್ಲದಿದ್ದರೆ ಗುಂಡಗಿನ ಆಕಾರ ಮತ್ತೆ ಬರುವುದಿಲ್ಲ.

ತಾಮ್ರ ಕಪ್ಪಾದರೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಬಹುದು. ಆದರೆ ಸರದಲ್ಲಿ ಮುತ್ತೋ ಹವಳವೋ ಇದ್ದರೆ ಹುಳಿ ತಾಗಿಸಲೇಬೇಡಿ, ಹುಳಿಗೆ ಅವು ಕರಗಿ ಹೊಳಪು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿಡಿ, ಸಾಕು.